ಆಚೆ ದಡದ ಗಡಿಯಾರ

ಬಟ್‌ನಾರ್, ಹೊಳೆಯ ಈಚೆ ದಡ
ಶುಕ್ರವಾರ, ಅಕ್ರೋಟು ಬಡಿಯುವ ತಿಂಗಳು

ನನ್ನ ಜರೀಫಾ ಆಪಾ,

ಅಸ್ಸಲಾಮು ಅಲೈಕುಮ್. ಈ ಕಾಗದ ನಿಮ್ಮ ಮನೆ ಮುಟ್ಟುವ ಹೊತ್ತಿಗೆ ಗುಡ್ಡದ ನೆತ್ತಿಯ ಮೇಲೆ ಹಿಮ ಬಿದ್ದಿರುತ್ತದೆ. ನಮ್ಮ ಜಗುಲಿಯಲ್ಲಿ ನಿಂತರೆ ನಿಮ್ಮ ಒಲೆಯ ಹೊಗೆ ಕಾಣುತ್ತದೆ, ಮಾಡಿನ ಮೇಲೆ ಒಣಹಾಕಿದ ಮೆಣಸಿನಕಾಯಿ ಕೆಂಪಗೆ ಕಾಣುತ್ತದೆ. ನಡುವಿನ ಹೊಳೆಯೇ ಗಡಿಯಾಯಿತಲ್ಲ, ಕಾಗದ ಮಾತ್ರ ನಮ್ಮೂರ ಹುಡುಗರ ಜೇಬಿನಲ್ಲಿ ಶಾರ್ಜಾಕ್ಕೆ ಹೋಗಿ, ಅಲ್ಲಿ ದುಡಿಯುವ ನಿನ್ನ ಮಗ ಅಜ್ಮಲನ ಕೈಯಿಂದ ಹೊರಟು, ಊರೆಲ್ಲ ಸುತ್ತಿ ನಿಮ್ಮ ಬಾಗಿಲಿಗೆ ಬರಬೇಕು. ಕಲ್ಲೆಸೆದರೆ ಬೀಳುವ ದೂರಕ್ಕೆ ಸಮುದ್ರ ದಾಟಿಸಿ ಮಾತಾಡುವ ನಸೀಬು ನಮ್ಮದು.

ಸುತ್ತಿ ಬಳಸಿ ಹೇಳುವವಳು ನಾನಲ್ಲ, ನಿನಗೆ ಗೊತ್ತು. ಬೇಜಿ ಇಲ್ಲ ಆಪಾ. ನಮ್ಮ ತಾಯಿ ಹೋಗಿ ಒಂದು ಬೇಸಿಗೆ ಕಳೆಯಿತು. ಪ್ರತಿ ಶುಕ್ರವಾರ ಬಂಡೆಯ ಮೇಲೆ ಬೇಜಿಯ ಕೆಂಪು ಶಾಲು ಹೊದ್ದು ಆಚೆ ದಡಕ್ಕೆ ಕೈಬೀಸುತ್ತಿರುವವಳು ನಾನು, ನಿನ್ನ ತಂಗಿ ಸರ್ವಾ. ಬೈಯುವುದಿದ್ದರೆ ಇಲ್ಲೇ ಬೈದುಬಿಡು, ಆಮೇಲೆ ಮುಂದೆ ಓದು. ನನಗೆ ಬೇಕಾಗಿರುವುದು ಒಂದೇ ಒಂದು ಮಾತು. ಗುಂಡು ನಿಂತ ಆ ದಿನ ನೀನು ಬೇಜಿಯ ಕಡೆಗೆ ಬೀಸಿದ ಕೈ 'ಬಾ' ಎಂದಿತೋ, 'ಹೋಗು' ಎಂದಿತೋ? ಅದೊಂದು ಗೊತ್ತಾಗದೆ ನನಗೆ ಅನ್ನ ಸೇರುತ್ತಿಲ್ಲ.

ಎಲ್ಲಕ್ಕೂ ಮೂಲ ಬೇಜಿಯ ಗಡಿಯಾರ. ನೀನು ಗಂಡನ ಜೊತೆ ಹೊಳೆ ದಾಟಿ ಹೋದ ಚಳಿಗಾಲ, ಆಚೆಯವರ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ ಓಡುತ್ತದೆ ಎಂದು ಯಾರೋ ಬೇಜಿಗೆ ಹೇಳಿದರು. ಮಾರನೆಯ ದಿನವೇ ಅಪ್ಪನ ಕಾಲದ ಆ ಹಸಿರು ಗಡಿಯಾರವನ್ನು ಇಳಿಸಿ ಮುಳ್ಳನ್ನು ಹಿಂದಕ್ಕೆ ತಿರುಗಿಸಿದಳು. ಅಂದಿನಿಂದ ಅದು ಜರೀಫಾಳ ಗಡಿಯಾರ. "ಈಗ ಜರೀಫಾ ಉಪ್ಪು ಚಹಾ ಇಟ್ಟಿರ್ತಾಳೆ", "ಈಗ ಜರೀಫಾ ಹಸು ಕಟ್ಟಿರ್ತಾಳೆ" ಎಂದು ಗೋಡೆ ನೋಡಿಕೊಂಡು ಗೊಣಗುತ್ತಿದ್ದಳು. ಎದುರಿಗೇ ಇರುವ ನನ್ನ ಚಹಾ ಆರಿಹೋದರೂ ಕೇಳುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. "ಇಲ್ಲಿರೋ ಮಗಳಿಗೂ ಒಂದು ಗಡಿಯಾರ ಇಡು" ಎಂದು ಚುಚ್ಚಿದರೆ, "ನೀನು ಕಣ್ಣ ಮುಂದೇ ಇದ್ದೀಯಲ್ಲೇ ಪಿಶಾಚಿ" ಎನ್ನುತ್ತಿದ್ದಳು.

ಶುಕ್ರವಾರದ ನಮಾಜು ಮುಗಿದ ಮೇಲೆ ಎರಡೂ ದಡದಲ್ಲಿ ಜನ ಸೇರುವಾಗ ಬೇಜಿಗಿಂತ ಮುಂಚೆ ಯಾರೂ ಬಂಡೆ ಹತ್ತಿದ್ದಿಲ್ಲ. ಹೊಳೆಯ ಮೊರೆತದಲ್ಲಿ ಕೂಗು ಕೇಳಿಸುವುದಿಲ್ಲ. ಅಷ್ಟು ದುಪಟ್ಟಾಗಳ ನಡುವೆ ನಿನ್ನನ್ನು ಹುಡುಕಲು ಬೇಜಿಗೆ ಇದ್ದ ಗುರುತು ನಿನ್ನ ಎಡಗೈ. ಚಿಕ್ಕವಳಿದ್ದಾಗ ಅಕ್ರೋಟು ಮರದಿಂದ ಬಿದ್ದು ಮುರಿದ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲವಲ್ಲ. "ಎಲ್ಲರದೂ ಬಲಗೈ, ನನ್ನ ಮಗಳದೊಂದೇ ಎಡಗೈ. ಅಲ್ಲಾಹ್ ಆ ಮರದಿಂದ ಬೀಳಿಸಿದ್ದೇ ಇದಕ್ಕೆ ನೋಡು" ಎಂದು ಅದಕ್ಕೂ ಶುಕ್ರಿಯಾ ಹೇಳುತ್ತಿದ್ದಳು.

ಈ ಸಲದ ಕದನ ನಿಮ್ಮ ಕಡೆ ಹೇಗಿತ್ತೋ. ನಮ್ಮಲ್ಲಿ ಮೊದಲು ಬಂದದ್ದು ಗುಂಡಲ್ಲ, ಚೀಟಿ. ದೊಡ್ಡ ಬಾಂಬು ಬಿದ್ದರೆ ಏನು ಮಾಡಬೇಕು ಎಂದು ಅಚ್ಚು ಹಾಕಿಸಿ ಹಂಚಿದ್ದರು. ಕಿಟಕಿ ಮುಚ್ಚಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ನೆಲಮಾಳಿಗೆಯಲ್ಲಿ ಕೂತುಕೊಳ್ಳಿ ಎಂದು ಮಾಸ್ತರರು ಓದಿ ಹೇಳಿದರು. ಬೇಜಿ ಮುಸಿಮುಸಿ ನಕ್ಕು, "ಕಿಟಕಿಗೆ ಗಾಜೇ ಉಳಿದಿಲ್ಲ, ಏನನ್ನ ಮುಚ್ಚಲಿ ಮಾಸ್ತರೇ?" ಎಂದಳು. ಆಮೇಲೆ ಹೆದರಿ ಅಳುತ್ತಿದ್ದ ಹೆಂಗಸರಿಗೆ ತಾನೇ ಸಮಾಧಾನ ಹೇಳಿದಳು: "ಆ ದೊಡ್ಡದನ್ನ ಇಲ್ಲಿ ಹಾಕಲ್ಲ ಕಣ್ರೇ. ಇವರು ಹಾಕಿದ್ರೆ ಇವರ ದಡಾನೂ ಸುಡತ್ತೆ, ಅವರು ಹಾಕಿದ್ರೆ ಅವರದ್ದೂ. ದಿಲ್ಲಿಯೋರು, ಇಸ್ಲಾಮಾಬಾದಿನೋರು ಹೆದರಲಿ. ನಮಗೆ ಚಿಕ್ಕದೇ ಸಾಕು." ಎಲ್ಲರೂ ನಕ್ಕರು.

ಚಿಕ್ಕದು ಬಂತು, ಸಾಕಷ್ಟು ಬಂತು. ನಾವೆಲ್ಲ ಮಸೀದಿ ಹಿಂದಿನ ಬಂಕರಿನಲ್ಲಿ ಉಪ್ಪಿನಕಾಯಿ ಜಾಡಿಯಲ್ಲಿ ಒತ್ತಿದ ಹಾಗೆ ಕೂತಿದ್ದೆವು. ನನ್ನ ಮಗ ಅಂಗಳದಲ್ಲಿ ಬಿದ್ದ ಲೋಹದ ಚೂರುಗಳನ್ನು ತಂದು ತಿರುಗಿಸಿ ನೋಡಿದ. ಅದರ ಮೇಲಿನ ಅಕ್ಷರ ಉರ್ದುವೂ ಅಲ್ಲ, ಹಿಂದಿಯೂ ಅಲ್ಲ. ಒಂದೊಂದು ಚೂರಿಗೆ ಒಂದೊಂದು ದೇಶದ ಲಿಪಿ. "ನಮ್ಮೂರಿಗೆ ರಸ್ತೆ ಬರೋಕ್ಕಾಗಲಿಲ್ಲ, ಇಡೀ ಪ್ರಪಂಚದ ಕಬ್ಬಿಣ ಬಂತು" ಎಂದ ಪಕ್ಕದ ಮನೆಯ ಲಾಲ್‌ದೀನ್ ಚಾಚಾ. ಜಗಳ ಈ ಎರಡು ಮನೆಯದು, ದೊಣ್ಣೆ ಬಂದದ್ದು ಮೂರನೆಯವನ ಅಂಗಡಿಯಿಂದ. ಸಾಯುವ ಕೂಸು ಮಾತ್ರ ನಾವು.

ಆ ಗಲಾಟೆಯಲ್ಲೂ ಬೇಜಿ ಗಡಿಯಾರವನ್ನು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ತಂದಿದ್ದಳು. ಬಂಕರಿನ ಥಂಡಿಗೋ ಏನೋ, ಅದು ನಿಂತುಹೋಯಿತು. ಬೇಜಿ ಊಟ ಬಿಟ್ಟು ಕೂತಳು. ನನ್ನ ಸೊಸೆ ಇರ್ಫಾನಾ ಪೇಟೆಯ ಹುಡುಗಿ, ಮದುವೆಯಾಗಿ ಬಂದು ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ. ಮುದುಕಿಯ ಮುಖ ನೋಡಲಾರದೆ ತನ್ನ ಟಾರ್ಚಿನ ಸೆಲ್ ತೆಗೆದು ಗಡಿಯಾರಕ್ಕೆ ಹಾಕಿದಳು. ತನ್ನ ಮೊಬೈಲು ನೋಡಿ ಮುಳ್ಳನ್ನು ಸರಿಮಾಡಿ, ಬೇಜಿ ತೂಕಡಿಸುತ್ತಿದ್ದಾಗ ಮಡಿಲಲ್ಲಿಟ್ಟಳು. ಸರಿ ಮಾಡಿದಳು ಆಪಾ! ನಮ್ಮ ದಡದ ಹೊತ್ತಿಗೆ ಸರಿ ಮಾಡಿದಳು. ನಮ್ಮ ಮನೆಯಲ್ಲಿ ಒಂದು ಗಡಿಯಾರ ಬೇಕೆಂದೇ ತಪ್ಪಾಗಿ ಓಡುತ್ತದೆ ಎಂದು ಅವಳಿಗೆ ನಾವು ಯಾರೂ ಹೇಳಿಯೇ ಇರಲಿಲ್ಲ.

ಮಧ್ಯಾಹ್ನದ ಮೇಲೆ ಚಾಚಾನ ರೇಡಿಯೋ ಮಾತಾಡಿತು. ನಮ್ಮ ಕಡೆಯ ಸ್ಟೇಷನ್ ಗುಡ್ಡಕ್ಕೆ ಬಡಿದು ಗೊರಗೊರ ಎನ್ನುತ್ತದೆ, ನಿಮ್ಮದು ಗಂಟೆ ಬಾರಿಸಿದ ಹಾಗೆ ಕೇಳುತ್ತದೆ. ಸಮುದ್ರದಾಚೆಯ ದೊಡ್ಡ ದೇಶದವರು ಫೋನು ಮಾಡಿ ಇಬ್ಬರನ್ನೂ ಒಪ್ಪಿಸಿದ್ದಾರಂತೆ, ನಾಲ್ಕೂವರೆಗೆ ಗುಂಡು ನಿಲ್ಲುತ್ತದಂತೆ ಎಂದಿತು. ಚಾಚಾ ಉಗುಳಿದ. "ಬಂದೂಕು ಮಾರಿದೋನೂ ಅವನೇ, ಸಾಕು ಬಿಡ್ರೋ ಅನ್ನೋನೂ ಅವನೇ. ಮದುವೆ ಮಾಡಿಸಿದ ದಲ್ಲಾಳಿನೇ ತಲಾಖೂ ಕೊಡಿಸ್ದಂಗಾಯ್ತು." ಬೈದರೂ ಅವನ ಕಣ್ಣಲ್ಲಿ ನೀರಿತ್ತು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಿಮ್ಮ ರೇಡಿಯೋ ಹೇಳಿದ ನಾಲ್ಕೂವರೆ ನಮಗೆ ಐದು ಎಂದು ಆ ಸಂತೋಷದಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯಬೇಕಾಗಿದ್ದವಳು ಬೇಜಿ. ಅವಳಿಗೆ ಹೊಳೆಯುವ ಅಗತ್ಯವೇ ಇರಲಿಲ್ಲ, ಜರೀಫಾಳ ಗಡಿಯಾರ ಮಡಿಲಲ್ಲೇ ಇತ್ತಲ್ಲ.

ನಡುವೆ ಸ್ವಲ್ಪ ಹೊತ್ತು ಗುಂಡು ತಣ್ಣಗಾಗಿತ್ತು. ನಾನು ಆಡಿನ ಹಗ್ಗ ಬಿಚ್ಚಿಬರಲು ಕೊಟ್ಟಿಗೆಗೆ ಓಡಿದ್ದೆ. ತಿರುಗಿ ನೋಡಿದರೆ ಕೆಂಪು ಶಾಲು ಹೊಳೆಯ ದಾರಿ ಇಳಿಯುತ್ತಿತ್ತು. ಕೂಗಿಕೊಂಡು ಓಡಿದೆ. ಬೇಜಿ ತಿರುಗಿ, ಮದುವೆಮನೆಗೆ ಹೊರಟವಳ ಮುಖದಲ್ಲಿ, "ನಾಲ್ಕೂವರೆ ಆಯ್ತು ಕಣೇ, ಗುಂಡು ನಿಂತೋಯ್ತು. ಜರೀಫಾ ಹೆದರಿರ್ತಾಳೆ, ನಾನು ಬದುಕಿದ್ದೀನಿ ಅಂತ ತೋರಿಸಿ ಬರ್ತೀನಿ" ಎಂದಳು.

ಆಚೆ ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಿಮ್ಮವರಿಗೆ ಹೊತ್ತು ಸರಿಯಾಗಿ ಗೊತ್ತಿತ್ತು, ಎಲ್ಲ ಒಳಗಿದ್ದರು. ಅಷ್ಟರಲ್ಲಿ ನಿಮ್ಮ ಮನೆಯ ಬಾಗಿಲು ತೆರೆದು ಸಾಸಿವೆ ಬಣ್ಣದ ದುಪಟ್ಟಾ ಓಡಿಬಂತು. ನೀನು ನೀರಿನ ಅಂಚಿಗೆ ಬಂದು ಎಡಗೈ ಬೀಸತೊಡಗಿದೆ. ಹಾಗೆ ಬೀಸಿದ್ದನ್ನು ನಾನು ಯಾವ ಶುಕ್ರವಾರವೂ ನೋಡಿರಲಿಲ್ಲ. "ನೋಡು ನೋಡು, ಎಡಗೈ!" ಎಂದು ಬೇಜಿ ಬಂಡೆ ಹತ್ತಿದಳು. ನಮ್ಮಲ್ಲಿ 'ಬಾ' ಎನ್ನುವುದಕ್ಕೂ ಅಂಗೈ ಕೆಳಗೆ, 'ಹೋಗು' ಎನ್ನುವುದಕ್ಕೂ ಅಂಗೈ ಕೆಳಗೆ. ಬೆರಳು ಒಳಕ್ಕೆ ಬಂದರೆ ಬಾ, ಹೊರಕ್ಕೆ ಚಿಮ್ಮಿದರೆ ಹೋಗು. ಅಷ್ಟು ದೂರದ ಬೆರಳು ಯಾರ ಕಣ್ಣಿಗೆ ಕಾಣುತ್ತದೆ ಆಪಾ? ಬೇಜಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಳು.

ಆ ಕೊನೆಯ ಅರ್ಧ ಗಂಟೆಯಲ್ಲಿ ಎರಡು ಕಡೆಯವರೂ ಇದ್ದಬದ್ದದ್ದನ್ನೆಲ್ಲ ಸುರಿದರು. ತಂದ ಗುಂಡನ್ನು ಯಾರು ವಾಪಸು ಹೊರುತ್ತಾರೆ? ನನ್ನ ಕಿವಿ ಮುಚ್ಚಿಹೋಯಿತು. ಈ ದಡದಲ್ಲೂ ಧೂಳು, ಆ ದಡದಲ್ಲೂ ಧೂಳು. ಧೂಳು ಇಳಿದಾಗ ಬೇಜಿ ಬಂಡೆಯ ಕೆಳಗೆ ಮಲಗಿದ್ದಳು, ಚೂರು ಬಡಿದದ್ದು ಹಣೆಗೆ, ಶಾಲಿಗೆ ಒಂದು ತೂತೂ ಬಿದ್ದಿರಲಿಲ್ಲ. ಯಾರ ಗುಂಡು ಎಂದು ಕೇಳಬೇಡ. ನಾನು ಕೇಳಲಿಲ್ಲ.

ಸತ್ತವರನ್ನು ದಡಕ್ಕೆ ತಂದು ಆಚೆಯವರಿಗೆ ಮುಖ ತೋರಿಸಿ ಮಣ್ಣು ಮಾಡುವುದು ನಮ್ಮೆಲ್ಲರ ಪದ್ಧತಿ. ನಾನು ತರಗೊಡಲಿಲ್ಲ. ನಿನ್ನ ಕೈ ನೋಡಿ ಬೇಜಿ ಹೋದಳು ಎಂದು ನಿನಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು. ಮೇಲಿನ ಗುಡ್ಡದಲ್ಲಿ ಮಣ್ಣು ಮಾಡಿಸಿದೆ, ಊರವರ ಬಾಯಿ ಕಟ್ಟಿದೆ. ನಿಮ್ಮ ದಡಕ್ಕೂ ಯಾವ ಹೆಣವೂ ಬರಲಿಲ್ಲ, ಸದ್ಯ ಅವರೆಲ್ಲ ಕ್ಷೇಮ ಎಂದುಕೊಂಡೆ. ಮುಂದಿನ ಶುಕ್ರವಾರ ಶಾಲು ಹೊದ್ದು ಬಂಡೆ ಹತ್ತಿದೆ. ಆಚೆ ಸಾಸಿವೆ ದುಪಟ್ಟಾ ಕಂಡಿತು. ಅದು ಕೈ ಎತ್ತಿ ಬೀಸಿತು, ನಾನು ಬಂಡೆಯ ಮೇಲೇ ಕೂತುಬಿಟ್ಟೆ. ಆಮೇಲೆ ಅಜ್ಮಲ್ ಹೇಳಿ ಕಳಿಸಿದ, ಅಮ್ಮಿ ಚೆನ್ನಾಗಿದ್ದಾರೆ ಎಂದು. ನಾನೂ ಹೇಳಿ ಕಳಿಸಿದೆ, ಬೇಜಿ ಚೆನ್ನಾಗಿದ್ದಾರೆ ಎಂದು.

ಆ ಶಾಲು ಒಳ್ಳೆಯದಲ್ಲ ಆಪಾ. ಹೊದ್ದ ಕೂಡಲೇ ನನ್ನ ಬೆನ್ನು ತಾನಾಗಿ ಬಾಗುತ್ತದೆ. ದಾರಿಯಲ್ಲಿ ಮಕ್ಕಳು ನನಗೆ "ಸಲಾಂ ಬೇಜಿ" ಎನ್ನುತ್ತಾರೆ, ನಾನು ಅವಳ ಧ್ವನಿಯಲ್ಲೇ ಹರಸುತ್ತೇನೆ. ಮೊನ್ನೆ ಗೋಡೆ ನೋಡಿ "ಈಗ ಜರೀಫಾ ಚಹಾ ಇಟ್ಟಿರ್ತಾಳೆ" ಎಂದು ನನ್ನ ಬಾಯಿಂದಲೇ ಬಂತು. ಗಡಿಯಾರವನ್ನು ನಾನು ಮತ್ತೆ ಅರ್ಧ ಗಂಟೆ ಹಿಂದಿಟ್ಟಿದ್ದೇನೆ. ಇರ್ಫಾನಾ ನೋಡಿ, "ಅತ್ತೇ, ಇದು ಮತ್ತೆ ಹಿಂದೆ ಬಿದ್ದಿದೆ, ಸರಿ ಮಾಡ್ಲಾ?" ಎಂದಳು. "ಬೇಡಮ್ಮಾ, ಅದಕ್ಕೆ ವಯಸ್ಸಾಗಿದೆ" ಎಂದೆ. ಅವಳೀಗ ಬಸುರಿ. ತಾನು ತಿರುಗಿಸಿದ ಮುಳ್ಳಿನಿಂದ ಏನಾಯಿತೆಂದು ಅವಳಿಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ನಿನ್ನ ಮನೆಯಲ್ಲೂ ಈ ಮಾತು ಒಲೆಗೆ ಹಾಕಿಬಿಡು.

ನಾನು ಕೇಳಿದ್ದಕ್ಕೆ ಒಂದು ಮಾತು ಬರೆ. 'ಹೋಗು' ಎಂದೆ ಎಂದಾದರೂ ಬರೆ, 'ಬಾ' ಎಂದೆ ಎಂದಾದರೂ ಬರೆ. ಎರಡರಲ್ಲಿ ಯಾವುದಾದರೂ ನಿನ್ನನ್ನು ದೂರುವ ಬಾಯಿ ನನಗಿಲ್ಲ.

ನಿನ್ನ ಜಡೆ ಹಿಡಿದೆಳೆದು ಒದೆ ತಿನ್ನುತ್ತಿದ್ದ ತಂಗಿ,
ಸರ್ವಾ ಜಾನ್

ಮರೆತದ್ದಲ್ಲ, ಬೇಕೆಂದೇ ಕೊನೆಗೆ ಬಿಟ್ಟದ್ದು:

ಬಿಲ್ಕೀಸ್, ನನ್ನ ಆಪಾಳ ಮಗಳೇ, ಇದನ್ನು ಓದುತ್ತಿರುವುದು ನೀನೆಂದು ನನಗೆ ಗೊತ್ತು. ಆಪಾ ಎಂದು ಕರೆಯದೆ ಇಷ್ಟನ್ನೂ ಬರೆಯಲು ನನ್ನಿಂದ ಆಗಲಿಲ್ಲ, ಚಿಕ್ಕಮ್ಮನನ್ನು ಕ್ಷಮಿಸು. ದುಪಟ್ಟಾ ನಿನ್ನ ಅಮ್ಮಿಯದೇ, ನಿಂತುಕೊಳ್ಳುವ ರೀತಿಯೂ ಅವಳದೇ. ಆದರೆ ಆ ದಿನದ ನಂತರದ ಮೊದಲ ಶುಕ್ರವಾರದಿಂದ ಆಚೆ ದಡದಲ್ಲಿ ಬೀಸುತ್ತಿರುವುದು ಬಲಗೈ. ಅಜ್ಜಿಗೆ ತಿಳಿಯಬಾರದೆಂದು ನೀವೂ ಹೆಣ ತೋರಿಸದೆ ಮಣ್ಣು ಮಾಡಿದಿರಿ, ಅಲ್ಲವೇ? ನಾನು ಕೇಳಿದ್ದಕ್ಕೆ ಉತ್ತರ ಬರೆಯಬೇಡ. ಹೊತ್ತು ಗೊತ್ತಿದ್ದೂ ಹೊರಗೆ ಓಡಿಬಂದವಳು ಬೇಜಿಗೆ ಏನೆಂದಿರುತ್ತಾಳೆ ಎಂದು ಬರೆಯುತ್ತಾ ಬರೆಯುತ್ತಾ ನನಗೇ ತಿಳಿಯಿತು. ಶುಕ್ರವಾರ ಬಾ. ನಾನು ಶಾಲು ಹೊದ್ದು ಬರುತ್ತೇನೆ. ನೀನು ಎಡಗೈ ಬೀಸು.