ಮೋರಿಗೆ ಬಿಟ್ಟ ಗಂಟು

ಸೆಕೊಂಡಿ
ಜೂನ್ ೧೯, ಬುಧವಾರ

ಮುದ್ದಿನ ತಂಗಿ ಎಕುವಾ,

ಫೋನಿದ್ದೂ ಅಕ್ಕ ಕಾಗದ ಬರೆದಿದ್ದಾಳೆ ಎಂದು ನಗಬೇಡ. ಅಮ್ಮನ ಕಾಲು ಬಿದ್ದುಹೋಗಿದ್ದರೂ ಕಿವಿ ಮಾತ್ರ ಚುರುಕಾಗಿದೆ. ನಾನು ಪಿಸುಗುಟ್ಟಿದರೂ ಗೋಡೆಯಾಚೆಯಿಂದ "ಯಾರ ಹತ್ರ ಏನೇ ಅದು?" ಎನ್ನುತ್ತಾಳೆ. ಅದಕ್ಕೇ ಇದನ್ನು ಆಕ್ರಾ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಹೋದ ಶನಿವಾರ ಕೇರಿಯವರೆಲ್ಲ ಸೇರಿ ಮೋರಿ ಬಳಿದೆವು. ಬಾಡಿಗೆ ಕೋಣೆಯ ಮೆಮುನಾಳ ಬಾಗಿಲ ಮುಂದಿನ ಚಪ್ಪಡಿ ಕೆಳಗೆ ಡಂಗುರ ಸಾರುವ ಎಬೊ ಕೊಕ್ಕೆ ಹಾಕಿ ಎಳೆದರೆ ಕರಿ ಚೀಲದ ಗಂಟೊಂದು ಬಂತು. ಅದು ಒಡೆದು ಡೈಪರುಗಳು ಚೆಲ್ಲಿದವು. ಆ ವಾರವೆಲ್ಲ ಕೊಳಚೆ ನೀರು ಮೆಮುನಾಳ ಕೋಣೆಗೆ ನುಗ್ಗಿದ್ದು ಅದರಿಂದಲೇ. ಆದರೆ ಆ ಸಾಲಿನಲ್ಲಿ ಕೂಸಿರುವುದು ಅವಳಿಗೊಬ್ಬಳಿಗೇ. ಎಬೊ ಮೂಗು ಮುಚ್ಚಿಕೊಂಡೇ ತೀರ್ಪು ಕೊಟ್ಟ: "ತನ್ನ ಹೊಲಸು ತನ್ನ ಮನೆಗೇ ನುಗ್ಗಿದೆ, ನೋಡ್ರಪ್ಪ!"

"ನನ್ ಮಗೂಗೆ ಹಳೇ ಬಟ್ಟೆ ಕಟ್ತೀನಿ. ಬಸ್ ನಿಲ್ದಾಣದಲ್ಲಿ ತಲೆಹೊರೆ ಹೊರೋಳು ನಾನು, ಡೈಪರ್ ಎಲ್ಲಿಂದ ತರ್ಲಿ?" ಎಂದಳು ಮೆಮುನಾ. ಉತ್ತರದ ಸೀಮೆಯಿಂದ ದುಡಿಯಲು ಬಂದವಳ ಮಾತು ಯಾರಿಗೆ ಬೇಕು? ಅಸಹ್ಯಕ್ಕೆ ಒಬ್ಬರೂ ಹತ್ತಿರ ಹೋಗಲಿಲ್ಲ. ಒಂದನ್ನು ಕಡ್ಡಿಯಿಂದ ಬಿಡಿಸಿದ್ದರೂ ಸಾಕಿತ್ತು, ಅದು ಕೂಸಿನ ಅಳತೆಯದಲ್ಲ ಎಂದು ತಿಳಿದುಬಿಡುತ್ತಿತ್ತು.

ಅಮ್ಮನಿಗೆಂದು ನೀನು ಕಳಿಸಿದ್ದೇ ಅವು, ಎಕುವಾ. ಮೋರಿಗೆ ಹಾಕಿದವಳು ನಾನು.

ಇನ್ನೇನು ಮಾಡಲಿ ಹೇಳು? ಕಸದ ಗಾಡಿ ಬರುವ ಮೊದಲು ಪ್ರತಿ ಮನೆಯವರೂ ಚೀಲವನ್ನು ಕೇರಿಯ ಮೂಲೆಯಲ್ಲಿ ಎಲ್ಲರೆದುರು ಸುರಿದು ಪ್ಲಾಸ್ಟಿಕ್ ಬೇರೆ ಮಾಡಬೇಕು. ಆ ಕಟ್ಟಳೆ ತಂದವಳು ಅಮ್ಮನೇ. ಮಳೆ ಬಂತೆಂದರೆ ಮೋರಿಗೆ ಕಸ ಬಿಡುತ್ತಿದ್ದವರನ್ನು ಕೋಲು ಹಿಡಿದು ನೆನೆಯುತ್ತ ನಿಂತು ತಡೆದವಳೂ ಅವಳೇ. ಈಗ ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, "ನಾನು ಸಾಯೋವರ್ಗೂ ಈ ವಿಷ್ಯ ಈ ಕೋಣೆ ದಾಟಬಾರ್ದು" ಎಂದು ಆಣೆ ಹಾಕಿಸಿದ್ದಾಳೆ. ಇಷ್ಟು ದಿನ ಹಿತ್ತಿಲಲ್ಲಿ ಹೂತೆ. ಜಾಗ ಮುಗಿಯಿತು. ಒಂದು ಮಧ್ಯಾಹ್ನ ದೊಡ್ಡ ಮಳೆ ಶುರುವಾದಾಗ ಗಂಟನ್ನು ಮೋರಿಗೆ ಬಿಟ್ಟುಬಂದೆ. ಸಮುದ್ರ ಸೇರುತ್ತದೆ ಅಂದುಕೊಂಡಿದ್ದೆ, ದರಿದ್ರ ಮಳೆ ಕಾಲು ಗಂಟೆಗೇ ನಿಂತಿತು.

ಕೇರಿ ಸಮಿತಿಯ ದಂಡದ ಪುಸ್ತಕ ಬರೆಯುವವಳು ನಾನೇ ಅಲ್ಲವೇ, ಅದರಲ್ಲಿ ಮೆಮುನಾಳ ಹೆಸರು ಬರೆದದ್ದೂ ಇದೇ ಕೈ. ಅದಕ್ಕೆ ದಂಡವಾಗಿ ನಾಲ್ಕು ಶನಿವಾರ ಅವಳೊಬ್ಬಳೇ ಮೋರಿ ಬಳಿಯಬೇಕು. ಸೋಮವಾರ ಎಬೊ ಡಂಗುರ ಹೊಡೆದು ಅವಳ ಹೆಸರು ಸಾರಿದ. ಅದನ್ನು ಕೇಳಿದ ಮನೆಯ ಮಾಲೀಕ ತಿಂಗಳ ಕೊನೆಗೆ ಕೋಣೆ ಬಿಡು ಅಂದಿದ್ದಾನೆ. ಹಾಸಿಗೆಯಿಂದಲೇ ಡಂಗುರ ಕೇಳಿದ ಅಮ್ಮ, "ಮಾನಗೆಟ್ಟೋಳು! ನಾನು ಎದ್ದು ಓಡಾಡೋ ಹಾಗಿದ್ದಿದ್ರೆ ತೋರಿಸ್ತಿದ್ದೆ" ಎಂದಳು. ನಾನು ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಹೂಂ ಅಂದೆ.

ಬಾಯಿಬಿಟ್ಟರೆ ಅಮ್ಮ ಜೀವ ಬಿಡುತ್ತಾಳೆ. ಬಾಯಿ ಬಿಡದಿದ್ದರೆ ಆ ಹುಡುಗಿ ಕೂಸು ಕಟ್ಟಿಕೊಂಡು ಬೀದಿಗೆ ಬೀಳುತ್ತಾಳೆ. ನನಗೆ ಎತ್ತ ಹೋಗಲೂ ದಾರಿಯಿಲ್ಲ. ನೀನು ದೊಡ್ಡ ಊರಿನಲ್ಲಿ ಪ್ಯಾಕೆಟ್ ಕೊಂಡು ಬಸ್ಸಿಗೆ ಹಾಕಿ ನಿದ್ದೆ ಮಾಡುತ್ತೀಯ. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಹಾಗೇ ಓದಿಕೋ. ಒಂದು ಸಲ ಬಂದು ಅಮ್ಮನ ಎದುರು ಕೂತು ನೀನೇ ಮಾತಾಡು.

ನಿನ್ನ ಅಕ್ಕ,
ಅಬಾ

ಮತ್ತೆ ಬರೆದದ್ದು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿನ್ನ ಹೊಸ ರಟ್ಟಿನ ಪೆಟ್ಟಿಗೆ ಬಂತು. ನಿಲ್ದಾಣದಿಂದ ಹೊತ್ತು ತಂದವಳು ಮೆಮುನಾ. ದಾರಿಯಲ್ಲಿ ಪೆಟ್ಟಿಗೆ ಹರಿದಿತ್ತು. ಪ್ಯಾಕೆಟ್ಟಿನ ಮೇಲೆ ನಗುವ ಮುದುಕಿಯ ಚಿತ್ರವಿದೆ, ನಿನಗೆ ಗೊತ್ತಲ್ಲ. ಮೆಮುನಾ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಶನಿವಾರ ಮೋರಿ ಹತ್ರ ಎಷ್ಟೊತ್ತಿಗೆ ಬರ್ಲಿ, ಅಕ್ಕ?" ಎಂದು ಕೇಳಿದಳು. ಒಳಗಿನಿಂದ ಅಮ್ಮ, "ಯಾರೇ ಅದು ಬಂದಿದ್ದು?" ಎಂದು ಕೂಗಿದಳು. ನಾನು ಮತ್ತೆ ಪೆನ್ನು ಹಿಡಿದು ಕೂತೆ. ಮೆಮುನಾ ಕೂಸನ್ನು ಬೆನ್ನಿನಿಂದ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಿದ್ದಾಳೆ. ಈ ಸಾಲು ಬರೆಯುವಾಗಲೂ ಎದ್ದಿಲ್ಲ.