ಈ ಸಲ ಮೊದಲೇ

ಸೋಮವಾರ, ೯ನೇ ತಾರೀಕು
ಮಧ್ಯಾಹ್ನ ಮೂರು ಗಂಟೆ

ರೀ,

ಬೆಳಗ್ಗೆ ಆಸ್ಪತ್ರೆ, ಆಮೇಲೆ ಅಂಗಡಿಯಲ್ಲಿ ಎರಡು ಕೋಟಿನ ತೋಳು ಬಿಚ್ಚಿ ಹೊಲಿದದ್ದು. ಈಗ ಊಟ ಮುಗಿಸಿ ಬರೆಯಲು ಕೂತಿದ್ದೇನೆ. ಅತ್ತೆ ಒಳಗೆ ಮಲಗಿದ್ದಾರೆ. ಪತ್ರ ಬರೆಯುತ್ತೇನೆ ಅಂದು ತಿಂಗಳಾಯಿತು, ಕೋಪ ಮಾಡಿಕೊಳ್ಳಬೇಡಿ. ಕೆಲವು ಮಾತು ಫೋನಿನಲ್ಲಿ ಹೇಳಿದರೆ ನೀವು ಸುಮ್ಮನಾಗಿಬಿಡುತ್ತೀರಿ, ಆ ಕಡೆಯಿಂದ ಬರೀ ಕ್ರೇನಿನ ಸದ್ದು ಕೇಳುತ್ತದೆ.

ಸುದ್ದಿ ಇದು: ನಾನು ಮತ್ತೆ ಬಸುರಿ. ನೀವು ರಜೆಗೆ ಬಂದುಹೋದ ಮೇಲೆ ಗೊತ್ತಾಯಿತು. ಗಾಬರಿಯಾಗಬೇಡಿ, ಪೂರ್ತಿ ಓದಿ.

ಅತ್ತೆಗೆ ಮಾತ್ರ ಹೇಳಿದ್ದೆ. "ಸದ್ಯ ಯಾರಿಗೂ ಬಾಯಿ ಬಿಡಬೇಡ ಕಣೇ. ಆಸ್ಪತ್ರೆಗೂ ಆಮೇಲೆ ಹೋದರಾಯ್ತು" ಅಂದರು. ನಾನು ಒಪ್ಪಲಿಲ್ಲ. ಕಳೆದ ಸಲ ಏಳು ತಿಂಗಳು ತುಂಬುವವರೆಗೆ ಯಾರೂ ನನ್ನ ಸಕ್ಕರೆ ನೋಡಲಿಲ್ಲ. ಹೊಟ್ಟೆ ದೊಡ್ಡದಾದಷ್ಟೂ ನಾವೆಲ್ಲ ಹಿಗ್ಗಿದೆವು. 'ಪೈಲ್ವಾನ' ಅಂತ ಹೆಸರಿಟ್ಟವರೇ ನೀವು. ಮಗು ದಪ್ಪವಾಗುತ್ತಿದ್ದದ್ದು ನನ್ನ ರಕ್ತದ ಸಕ್ಕರೆಯಿಂದ ಎಂದು ತಿಳಿಯುವಷ್ಟರಲ್ಲಿ ಒಳಗೆ ಅಲುಗಾಟ ನಿಂತುಹೋಗಿತ್ತು.

ಅದಕ್ಕೇ ಈ ಸಲ ನಾನೇ ಹೋಗಿ ಡಾಕ್ಟರಮ್ಮನಿಗೆ ಹಿಂದಿನದೆಲ್ಲ ಹೇಳಿದೆ. "ಹಾಗಾದ್ರೆ ಏಳು ತಿಂಗಳವರೆಗೆ ಕಾಯೋದು ಬೇಡ, ಸೋಮವಾರವೇ ಖಾಲಿ ಹೊಟ್ಟೇಲಿ ಬನ್ನಿ, ರಕ್ತ ನೋಡೋಣ" ಅಂದರು. ಇನ್ನು ನಿಮ್ಮ ಅಮ್ಮನ ಕಥೆ ಕೇಳಿ. ಪರೀಕ್ಷೆ ಅಂದದ್ದೇ ತಡ, ನನ್ನ ತಟ್ಟೆಗೆ ಅರ್ಧ ಅನ್ನ, ಚಹಾಕ್ಕೆ ಸಕ್ಕರೆಯೇ ಇಲ್ಲ. "ಎರಡು ದಿನ ತಡ್ಕೋ, ಪಾಸಾದ ಮೇಲೆ ಹೊಟ್ಟೆ ತುಂಬ ತಿನ್ನುವಿಯಂತೆ!" ನಾನು ಎದ್ದುಹೋಗಿ ಇನ್ನೊಂದು ಸೌಟು ಬಡಿಸಿಕೊಂಡು ಬಂದೆ. "ಅತ್ತೆ, ನಾನು ಪಾಸಾಗೋಕೆ ಹೋಗ್ತಿಲ್ಲ. ಸಿಕ್ಕಿಬೀಳೋಕೆ ಹೋಗ್ತಿದೀನಿ" ಅಂದೆ. ಅವರು ನಾನು ಉಣ್ಣುವುದನ್ನೇ ನೋಡುತ್ತಾ ಕೂತರು.

ಸಿಕ್ಕಿಬಿದ್ದೆ. ಖಾಲಿ ಹೊಟ್ಟೆಯಲ್ಲೇ ಸಕ್ಕರೆ ಜಾಸ್ತಿ ಇದೆ.

ಮನೆಯಲ್ಲೇ ನೋಡಿಕೊಳ್ಳಲು ಒಂದು ಮೀಟರು ಕೊಟ್ಟಿದ್ದಾರೆ. ಕಲಿಸಿಕೊಟ್ಟ ನರ್ಸಮ್ಮ ನನ್ನ ಬೆರಳು ಚುಚ್ಚಿ, "ಏನ್ರೀ ಇದು, ಚರ್ಮಾನೋ ಚಪ್ಪಲಿನೋ? ರಕ್ತಾನೇ ಬರ್ತಿಲ್ಲ" ಅಂದಳು. ಹೊಲಿಗೆಯವಳು ಅಂದೆ; ನೀವು ಸುಮ್ಮನೆ ನನ್ನನ್ನು ಸೂಜಿ ಅಂತ ಕರೆಯುತ್ತೀರಾ? "ಹಾಗಾದ್ರೆ ತುದಿಗೆ ಬೇಡ, ಬೆರಳಿನ ಪಕ್ಕಕ್ಕೆ ಚುಚ್ಕೊಳ್ಳಿ" ಅಂತ ತೋರಿಸಿದಳು.

ಜೊತೆಗೆ ಬಂದಿದ್ದ ಅತ್ತೆ, ಇನ್ಸುಲಿನ್ ಮಾತು ಬಂದ ಮೇಲೆ ಡಾಕ್ಟರಮ್ಮನನ್ನು ಬಿಡಬೇಕಲ್ಲ! "ಇನ್ಸುಲಿನ್ ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ವಂತೆ? ಮಗುಗೆ ಏನಾದ್ರೂ ಆದ್ರೆ?"

"ಮಗುಗೆ ತೊಂದರೆ ಕೊಡೋದು ಸಕ್ಕರೆ ಅಜ್ಜಿ, ಇನ್ಸುಲಿನ್ ಅಲ್ಲ. ಮೊದಲು ಊಟ ಸರಿ ಮಾಡಿ ನೋಡೋಣ. ಇಳೀಲಿಲ್ಲ ಅಂದ್ರೆ ಕೊಡ್ತೀವಿ. ಹೆರಿಗೆ ಆದ್ಮೇಲೆ ಎಷ್ಟೋ ಜನರಿಗೆ ಬೇಕಾಗೋದೇ ಇಲ್ಲ."

ಅಜ್ಜಿ ಅಂದದ್ದಕ್ಕೆ ಅತ್ತೆಗೆ ದಾರಿಯುದ್ದಕ್ಕೂ ಸಿಟ್ಟು. "ನಾನೇನು ಅಷ್ಟು ಮುದುಕಿನಾ?" "ಇನ್ನು ಏಳು ತಿಂಗಳಿಗೆ ಅಜ್ಜಿ ಆಗ್ತೀರಲ್ಲ" ಅಂದೆ. ಸೆರಗು ಬಾಯಿಗೆ ಹಿಡಿದು ನಕ್ಕರು. ಅವರ ನಗು ಕೇಳಿ ಬಹಳ ದಿನವಾಗಿತ್ತು.

ಹೆದರಿಕೆ ಇಲ್ಲವೆಂದಲ್ಲ. ಆದರೆ ಈ ಸಲ ಏನಿದೆ ಅಂತ ಗೊತ್ತಿದೆ. ಗೊತ್ತಿರುವುದನ್ನು ನಾನು ನಿಭಾಯಿಸಬಲ್ಲೆ. ಊಟವಾದ ಮೇಲೆ ಓಣಿಯ ಕೊನೆಯವರೆಗೆ ನಡೆದು ಬರುತ್ತೇನೆ, ಹಿಂದೆ ಅತ್ತೆಯ ಕಾವಲು. ನೀವು ಎದ್ದುಬಿದ್ದು ಓಡಿ ಬರಬೇಡಿ, ಹೆರಿಗೆಯ ಹೊತ್ತಿನ ರಜೆ ಮಾತ್ರ ಈಗಲೇ ಕೇಳಿಡಿ. ಮೇಲೆ ಹತ್ತಿದಾಗ ಬೆಲ್ಟು ಹಾಕಿಕೊಳ್ಳಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಸೂಜಿ

ಇನ್ನೊಂದು ಮಾತು. ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕಳೆದ ಸಲ ಆಪರೇಷನ್ನಿನ ಮಂಪರು ಇಳಿಯುವಷ್ಟರಲ್ಲಿ ನೀವು ಮಗುವನ್ನು ಮಣ್ಣು ಮಾಡಿ ಬಂದಿದ್ದಿರಿ. ನೋಡಿದರೆ ನಾನು ತಾಳಲಾರೆ ಎಂದು ಎಲ್ಲರೂ ಅಂದರಂತೆ. ಅವಳನ್ನು ಎತ್ತಿಕೊಂಡವರು ನೀವೊಬ್ಬರೇ. ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಅವಳ ಮುಖ ಹೇಗಿತ್ತು? ಕೂದಲು ಇತ್ತಾ? ಈ ಮಗು ಬಂದಾಗ ನಾನು ಇದರ ಮುಖವನ್ನಷ್ಟೇ ನೋಡಬೇಕು, ಇದರಲ್ಲಿ ಅವಳನ್ನು ಹುಡುಕುತ್ತಾ ಕೂರಬಾರದು. ಅದಕ್ಕೇ ಈಗಲೇ ಬರೆದು ತಿಳಿಸಿ. ಎಷ್ಟು ನೆನಪಿದೆಯೋ ಅಷ್ಟು.

ನಾಳೆ ಅಂಚೆ ಕಚೇರಿ ಹತ್ತಕ್ಕೆ ತೆರೆಯುತ್ತದೆ, ಆಗಲೇ ಇದನ್ನು ಹಾಕುತ್ತೇನೆ.