ಹಸಿರು ದೀಪ ಹತ್ತುವ ತನಕ

ರೀ,

ಏಳೂವರೆ ಬಸ್ಸಿಗೆ ಚಳ್ಳಕೆರೆಗೆ ಹೊರಟೆ. ಕಾಲೇಜು ಕೆಲಸದ ಸಂದರ್ಶನ ಎರಡು ಗಂಟೆಗೆ, ವಿಡಿಯೋದಲ್ಲಿ. ನಮ್ಮ ಮನೆಯ ಇಂಟರ್‌ನೆಟ್ ಸತ್ತು ಇವತ್ತಿಗೆ ಒಂಬತ್ತು ದಿನ. ಮೊಬೈಲಿನದು ಮಾತಿನ ನಡುವೆ ನಿಂತುಹೋಗುತ್ತದೆ.

ನೀವು ಬುಕ್ ಮಾಡಿದ ಲಾಡ್ಜಿಗೆ ಮಾತ್ರ ಹೋಗುವುದಿಲ್ಲ. ಹೋದ ಸಲ ಅಲ್ಲಿ ವೈಫೈ ಇದ್ದದ್ದು ಬೋರ್ಡಿನಲ್ಲಿ ಅಷ್ಟೇ. ಬಾಗಿಲಿಗೆ ಚಿಲಕವೇ ಇರಲಿಲ್ಲ. ಕೇಳಿದರೆ ಆ ಮ್ಯಾನೇಜರು, "ಏನಾಗ್ತೈತೆ ಮೇಡಂ, ನಾವಿರ್ತೀವಲ್ಲ" ಎಂದ. ನನಗೆ ಭಯವಿದ್ದದ್ದೇ ಅವನದು! ಗೆಳತಿ ಸ್ವಪ್ನಳ ಮನೆಯಲ್ಲಿ ಕೂರುತ್ತೇನೆ.

ಇಂಟರ್‌ನೆಟ್ ಕಂಪನಿಯವನು ಇವತ್ತೂ ಫೋನ್ ಮಾಡಿ, ದೂರು ಮುಗಿಸಲು ಬೇಕಾದ ಓಟಿಪಿ ಕೇಳುತ್ತಾನೆ. ಮೊನ್ನೆ ಅವನು ತೆಲುಗಿನಲ್ಲಿ "ಅನ್ನಾ, ಆ ನಂಬರ್ ಚೆಪ್ಪನ್ನಾ" ಎಂದದ್ದೇ ತಡ, ನೀವು ಮಗ್ಗದಿಂದ ಏಳದೆಯೇ ಹೇಳಿಬಿಟ್ಟಿರಿ. ಅವನು ನಮ್ಮ ಬೀದಿಗೂ ಬರದೆ, ರಿಪೇರಿ ಆಯಿತೆಂದು ದೂರು ಮುಚ್ಚಿದ. ನಾನು ಮತ್ತೆ ದೂರು ಕೊಟ್ಟಿದ್ದೇನೆ. ಇವತ್ತು ಅವನು ಮನೆಗೆ ಬಂದು, ಡಬ್ಬಿಯಲ್ಲಿ ಹಸಿರು ದೀಪ ಹತ್ತಿದ ಮೇಲಷ್ಟೇ ಹೇಳಿ. ಎಷ್ಟೇ ಸಿಹಿಯಾಗಿ ಅಣ್ಣ ಎಂದರೂ.

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ಎರಡರಿಂದ ಮೂರರವರೆಗೆ ನನಗೆ ಫೋನ್ ಮಾಡಬೇಡಿ. ಮೂರರ ಮೇಲೆ ಮಾಡದೇ ಇರಬೇಡಿ.

ಪದ್ಮಶ್ರೀ